ಹತ್ತು ನಿಮಿಷದ ಸಾಲು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮಂಡಿಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದ ಕಾಲದಲ್ಲಿ ಕಾದ ಸಾಲ್ಡರಿಂಗ್ ಕಡ್ಡಿ ಬಿದ್ದು ಹಾಗಾದದ್ದಂತೆ. ಆ ಹೆಬ್ಬೆರಳನ್ನು ಒಳಗೆ ಮಡಚಿಕೊಂಡು ತೋರುಬೆರಳೊಂದರಿಂದಲೇ ಕೀಬೋರ್ಡ್ ಒತ್ತುತ್ತಿದ್ದರು. ಒಂದಕ್ಷರ ಒತ್ತುವುದು, ಕನ್ನಡಕ ಸರಿಮಾಡಿಕೊಂಡು ಸ್ಕ್ರೀನಿನ ಮೇಲೆ ಅದೇ ಅಕ್ಷರ ಬಿತ್ತಾ ಅಂತ ನೋಡುವುದು, ಆಮೇಲೆ ಮುಂದಿನದು. ಪಕ್ಕದಲ್ಲಿ ಕೂತ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು, ತುಮಕೂರಿನಲ್ಲಿ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಸಣ್ಣ ಕಂಪನಿ ನಮ್ಮದು. ಉಳಿದವರಿಗೆಲ್ಲ ಡಿಗ್ರಿ, ಮೇಸ್ತ್ರಿಗೆ ಬರೀ ಐಟಿಐ. ಆದರೂ ಎಲ್ಲಿ ಯಾವ ರೂಟರ್ ಮುನಿಸಿಕೊಂಡರೂ ಕರೆ ಹೋಗುತ್ತಿದ್ದದ್ದು ಅವರಿಗೇ.

ನಾನು ಗೂಳೂರಿನವಳು, ಡಿಪ್ಲೊಮಾ ಮುಗಿಸಿ ಆಗಷ್ಟೇ ಸೇರಿದ್ದೆ. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಅಂದಿದ್ದರು. ಅಪ್ಪನೂ ಅಷ್ಟೇ ಗಡುವು ಕೊಟ್ಟಿದ್ದರು. "ಖಾಯಮ್ಮಾದ್ರೆ ಸರಿ. ಇಲ್ದಿದ್ರೆ ಸುಮ್ನೆ ಬಂದ್ಬುಡು, ನಿಮ್ಮ ಮಾವನ ಮನೆಯೋರು ಕಾಯ್ತಾವ್ರೆ." ನಾನು ತೊಟ್ಟಿಲಲ್ಲಿದ್ದಾಗಲೇ ಸೋದರಮಾವನ ಮಗನಿಗೆ ಅಂತ ಮಾತಾಗಿತ್ತು. ನನಗೆ ಸುತರಾಂ ಇಷ್ಟವಿರಲಿಲ್ಲ.

ಹಾಗಾಗಿ ಆ ಆರು ತಿಂಗಳು ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಕೂತರೂ ಕಾಲು ಕುಣಿಯುತ್ತಲೇ ಇರುತ್ತಿತ್ತು. "ಕಾಲು ನಿಲ್ಸಮ್ಮ, ಟೇಬಲ್ ಅಲ್ಲಾಡ್ತದೆ" ಅಂತ ಮೇಸ್ತ್ರಿ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಐದನೇ ಸಲಕ್ಕೆ ತುಂಬಿದ ನೀರಿನ ಲೋಟವೊಂದನ್ನು ತಂದು ನನ್ನ ಕೀಬೋರ್ಡ್ ಪಕ್ಕ ಇಟ್ಟು ಹೋಗುತ್ತಿದ್ದರು. ಅದು ಚೆಲ್ಲದ ಹಾಗೆ ಕೆಲಸ ಮಾಡಬೇಕಿತ್ತು.

ಆರನೇ ತಿಂಗಳಲ್ಲಿ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯ ಕೆಲಸ ಬಂತು. ಅದಕ್ಕೆ ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಶಾಖೆ. ಮೂರು ಊರಲ್ಲೂ ಒಂದೊಂದು ರೂಟರ್ ಇಟ್ಟು ಟೆಲಿಫೋನ್ ಲೈನ್ ಮೇಲೆ ಜೋಡಿಸಬೇಕು. ತಾಪತ್ರಯ ಏನೆಂದರೆ, ಅವರ ಲ್ಯಾಬಿನ ಪ್ರೋಗ್ರಾಮು ಹಳೇ ಕಾಲದ್ದು, ಅಡ್ರೆಸ್ ಹಿಡಿದು ಹೋಗುವುದು ಅದಕ್ಕೆ ಗೊತ್ತೇ ಇಲ್ಲ. ಹೊಸ ಅಪಾಯಿಂಟ್‌ಮೆಂಟ್ ಪ್ರೋಗ್ರಾಮು ಅಡ್ರೆಸ್ ಇಲ್ಲದೆ ಹೆಜ್ಜೆ ಇಡುವುದಿಲ್ಲ. ಹಳೆಯದಕ್ಕೆ ಬ್ರಿಡ್ಜಿಂಗ್, ಹೊಸದಕ್ಕೆ ರೂಟಿಂಗ್, ಎರಡನ್ನೂ ಆ ಒಂದೇ ರೂಟರ್ ಪೆಟ್ಟಿಗೆಯೇ ಮಾಡಬೇಕು.

"ಬ್ರಿಡ್ಜಿಂಗ್ ಅಂದ್ರೆ ಬೀದಿಲಿ ನಿಂತು ಕೂಗಿ ಕರೆಯೋದು. ರೂಟಿಂಗ್ ಅಂದ್ರೆ ಅಡ್ರೆಸ್ ಬರೆದು ಕಾಗದ ಹಾಕೋದು" ಅಂತ ಮೇಸ್ತ್ರಿ ನನಗೆ ಹೇಳಿಕೊಟ್ಟಿದ್ದರು. ಕುಣಿಗಲ್ ಪೆಟ್ಟಿಗೆಯನ್ನು ಅವರು ಕೂರಿಸಿದರು, ಗುಬ್ಬಿಯದು ನಾನು. ಅವರಿಗೆ ಎರಡು ದಿನ ಹಿಡಿಯಿತು. ನಾನು ಅರ್ಧ ದಿನದಲ್ಲಿ ಮುಗಿಸಿ ಜಂಬದಿಂದ ಬಸ್ಸು ಹತ್ತಿದೆ.

ಕುಣಿಗಲ್‌ನಲ್ಲಿ ಎರಡು ಪ್ರೋಗ್ರಾಮೂ ಓಡಿದವು. ಗುಬ್ಬಿಯಿಂದ ಲ್ಯಾಬ್ ರಿಪೋರ್ಟ್ ಬಂತು, ಅಪಾಯಿಂಟ್‌ಮೆಂಟ್ ಮಾತ್ರ ಬರಲಿಲ್ಲ. ಆಸ್ಪತ್ರೆಯ ಮ್ಯಾನೇಜರು ಕೆಲಸ ಮುಗಿದಿದೆ ಅಂತ ಸಹಿ ಹಾಕಿದರೆ ನಿನ್ನದು ಖಾಯಂ ಅಂತ ನಮ್ಮ ಬಾಸ್ ನೇರವಾಗಿಯೇ ಹೇಳಿಬಿಟ್ಟಿದ್ದರು. ಬೆಳಿಗ್ಗೆ ಎಂಟಕ್ಕೇ ತುಮಕೂರಿನ ಆಸ್ಪತ್ರೆಗೆ ಹೋಗಿ ಕೂತೆ. ರೂಟರ್ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ, ಕೇಬಲ್ ಬದಲಾಯಿಸಿದೆ, ಗುಬ್ಬಿಗೆ ಫೋನ್ ಮಾಡಿ ನರ್ಸಮ್ಮನ ತಲೆ ತಿಂದೆ. ಏನು ಮಾಡಿದರೂ ಅಷ್ಟೇ.

ಒಂಬತ್ತೂವರೆಗೆ ಮೇಸ್ತ್ರಿ ಶೆಟ್ಟಿಹಳ್ಳಿಯ ಮನೆಯಿಂದ ಮೊಪೆಡ್ ಮೇಲೆ ಬಂದರು. ಕೀಬೋರ್ಡ್ ಮುಟ್ಟಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಕಳೆದುಹೋದ ತಿಂಗಳೊಂದನ್ನು ಹರಿದು, ಹಾಳೆಯನ್ನು ಮಗುಚಿ, ನಡುವೆ ಗೆರೆ ಎಳೆದರು. ಎಡಕ್ಕೆ ತುಮಕೂರು, ಬಲಕ್ಕೆ ಗುಬ್ಬಿ ಅಂತ ಬರೆದರು.

"ಎರಡೂ ಪೆಟ್ಟಿಗೆನ ಕೇಳಿ ಬರಿಯಮ್ಮ. ನಿನ್ನ ಮನಸ್ಸಲ್ಲಿರೋದಲ್ಲ, ಅವು ಏನ್ ಹೇಳ್ತವೋ ಅದು."

ಒಂದೊಂದೇ ಸಾಲು, ಮುಕ್ಕಾಲು ಗಂಟೆ ಬರೆಸಿದರು. ನನಗೆ ಜೀವ ಹೋಗಿ ಜೀವ ಬರುತ್ತಿತ್ತು. ಒಂಬತ್ತನೇ ಸಾಲಿಗೆ ಅವರ ಸೀಳುಗುರು ನಿಂತಿತು. ತುಮಕೂರಿನ ಕಡೆ 'ಇದನ್ನು ಅಡ್ರೆಸ್ ನೋಡಿ ಕಳಿಸು' ಅಂತ ಇತ್ತು. ಗುಬ್ಬಿಯ ಕಡೆ ಆ ಸಾಲೇ ಇಲ್ಲ. ನನ್ನ ಅವಸರದಲ್ಲಿ ಬಿಟ್ಟುಹೋಗಿತ್ತು.

"ಈ ಕಡೆಯೋನು ಕಾಗದ ಹಾಕ್ತಾ ಇದಾನೆ, ಆ ಕಡೆಯೋನು ಬೀದಿಲಿ ನಿಂತು ಕೂಗ್ತಾ ಇದಾನೆ. ಹೆಂಗೆ ಸಿಗ್ತಾರಮ್ಮ ಒಬ್ರಿಗೊಬ್ರು?"

ಇಲ್ಲಿಂದಲೇ ಒಂದು ನಿಮಿಷದಲ್ಲಿ ಸರಿಮಾಡುತ್ತೇನೆ ಅಂತ ಕುರ್ಚಿ ಎಳೆದುಕೊಂಡೆ. ಮೇಸ್ತ್ರಿ "ತಡಿ" ಅಂದು, ನನ್ನ ಕೈ ಸರಿಸಿ, ಗುಬ್ಬಿಯ ಪೆಟ್ಟಿಗೆಗೆ ಒಂದೇ ಒಂದು ಸಾಲು ಒತ್ತಿದರು. ಅವರು ಅಕ್ಷರ ಹುಡುಕುತ್ತಿದ್ದಷ್ಟು ಹೊತ್ತೂ ನಾನು ಫ್ಯಾನ್ ನೋಡುತ್ತಿದ್ದೆ. ಏನು ಬರೆದರು ಅಂತ ಕೇಳಲೂ ಇಲ್ಲ.

ಬಿಟ್ಟುಹೋದ ಸಾಲು ಸೇರಿಸಿ, ಗುಬ್ಬಿ ಪೆಟ್ಟಿಗೆಯ ಅಡ್ರೆಸ್ಸನ್ನು ಒಂದು ಜಾಗದಿಂದ ಅಳಿಸಿ ಇನ್ನೊಂದು ಜಾಗದಲ್ಲಿ ಬರೆಯಬೇಕಿತ್ತು. ಟಕಟಕ ಅಂತ ಅಳಿಸಿದೆ. ಸ್ಕ್ರೀನ್ ಅಲ್ಲೇ ನಿಂತಿತು. ಆ ಅಡ್ರೆಸ್ ಹಿಡಿದೇ ಅಲ್ಲವೇ ನಾನು ಗುಬ್ಬಿಯ ಜೊತೆ ಮಾತಾಡುತ್ತಿದ್ದದ್ದು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ.

ಅದೇ ಹೊತ್ತಿಗೆ ಮ್ಯಾನೇಜರು ಬಾಗಿಲಲ್ಲಿ ನಿಂತು "ಏನಾಯ್ತು?" ಅಂದರು.

"ಲೈನ್ ಹೋಗಿದೆ ಸಾರ್. ಲೈನಿನವರ ಕಡೆ ಪ್ರಾಬ್ಲಂ."

ಬಾಯಿಗೆ ಅದೇ ಬಂತು. ನಮ್ಮ ಕೆಲಸದಲ್ಲಿ ಎಲ್ಲರೂ ಹೇಳುವ ಸುಳ್ಳೇ ಅದು. ಮ್ಯಾನೇಜರು ಪಕ್ಕದ ರೂಮಿಗೆ ಹೋಗಿ ಲೈನ್‌ಮ್ಯಾನಿಗೆ ಫೋನ್ ಹಚ್ಚಿ ಬೈಯತೊಡಗಿದರು. ಬೈಗುಳ ನಮಗೂ ಕೇಳುತ್ತಿತ್ತು. ಮೇಸ್ತ್ರಿ ವಾಚ್ ನೋಡುತ್ತಿದ್ದರು.

"ನಾನು ಗುಬ್ಬಿಗೆ ಹೋಗ್ತೀನಿ ಸಾರ್, ಬಸ್ಸಿದೆ" ಅಂತ ಬ್ಯಾಗು ಎತ್ತಿಕೊಂಡೆ.

"ಕೂತ್ಕೊ. ಇನ್ನೂ ಆರು ನಿಮಿಷ ಇದೆ."

"ಯಾವುದಕ್ಕೆ ಸಾರ್?"

ಮೇಸ್ತ್ರಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಕೆಲಸದ್ದು, ಅಪ್ಪನದು, ಮಾವನ ಮಗನದು, ಎಲ್ಲ ಹೇಳಿಬಿಟ್ಟೆ.

"ಹುಡುಗ ಕೆಟ್ಟವನಾ?"

"ಇಲ್ಲ ಸಾರ್, ಒಳ್ಳೆಯವನೇ. ನನಗೆ ಬೇಡ."

"ಹ್ಞೂಂ" ಅಂದು ಮತ್ತೆ ವಾಚ್ ನೋಡಿದರು.

ಆರು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಗುಬ್ಬಿ ತಾನಾಗಿಯೇ ಉತ್ತರ ಕೊಟ್ಟಿತು. ನಾನು ಬಾಯಿಬಿಟ್ಟುಕೊಂಡು ನೋಡಿದೆ. ಮೇಸ್ತ್ರಿ ಒತ್ತಿದ್ದ ಸಾಲು ಇಷ್ಟೇ: ಹತ್ತು ನಿಮಿಷವಾದ ಮೇಲೆ ನಿನ್ನಷ್ಟಕ್ಕೆ ನೀನು ಆಫ್ ಆಗಿ ಆನ್ ಆಗು. ನಾವು ಮಾಡಿದ ಬದಲಾವಣೆಯನ್ನು ಸೇವ್ ಮಾಡದಿದ್ದರೆ ಪೆಟ್ಟಿಗೆ ಆನ್ ಆದಾಗ ಮೊದಲಿದ್ದ ಹಾಗೇ ಎದ್ದು ಬರುತ್ತದೆ. ಎಲ್ಲ ಸರಿಯಾದರೆ ಆ ಸಾಲನ್ನು ರದ್ದು ಮಾಡಿ ಸೇವ್ ಮಾಡಿದರಾಯಿತು.

"ದೂರದ ಪೆಟ್ಟಿಗೆಗೆ ಕೈ ಹಾಕೋಕೆ ಮುಂಚೆ ವಾಪಸ್ ಬರೋ ದಾರಿ ಇಟ್ಕೋಬೇಕು ಕಣಮ್ಮ" ಅಂದರು.

ಈ ಸಲ ಹತ್ತು ನಿಮಿಷದ ಸಾಲನ್ನು ನಾನೇ ಹಾಕಿ, ಅವರು ಹೇಳಿದ ಕ್ರಮದಲ್ಲಿ ಮಾಡಿದೆ. ಗುಬ್ಬಿಯ ಅಪಾಯಿಂಟ್‌ಮೆಂಟ್ ಪಟ್ಟಿ ಬಂದು ಬಿತ್ತು. ಸಹಿಗೆ ಓಡಬೇಕು ಅನ್ನುವಷ್ಟರಲ್ಲಿ ಮೇಸ್ತ್ರಿ ಅಂದರು, "ಹೋಗಿ ಮ್ಯಾನೇಜರ್ ಹತ್ರ ನಿಜ ಹೇಳಿ ಬಾ."

"ಎಲ್ಲ ಸರಿಹೋಯ್ತಲ್ಲ ಸಾರ್, ಈಗ್ಯಾಕೆ?"

"ಲೈನಿನವನು ಸುಮ್ನೆ ಬೈಸ್ಕೊಂಡ್ನಲ್ಲಮ್ಮ. ಅವನೂ ಯಾರದೋ ಮನೆ ಮಗ."

ಆ ಗಳಿಗೆಯಲ್ಲಿ ಅವರನ್ನು ಕಂಡರೆ ನನಗೆ ಮೈ ಉರಿಯಿತು. ಹೋಗಿ ಹೇಳಿದೆ. ಮ್ಯಾನೇಜರು ಪೆನ್ನಿನ ಕ್ಯಾಪ್ ಮುಚ್ಚಿ, "ಮೂರು ತಿಂಗಳು ಓಡ್ಲಿ, ಆಮೇಲೆ ಸಹಿ ನೋಡೋಣ" ಅಂದರು. ಬಾಸ್ ಕೂಡ ನನ್ನ ಖಾಯಮಾತಿಯನ್ನು ಮೂರು ತಿಂಗಳು ಮುಂದೆ ಹಾಕಿದರು. ವಾರವಿಡೀ ನಾನು ಮೇಸ್ತ್ರಿಯ ಜೊತೆ ಮಾತಾಡಲಿಲ್ಲ.

ಭಾನುವಾರ ಗೂಳೂರಿನ ನಮ್ಮ ಮನೆ ಮುಂದೆ ಅವರ ಮೊಪೆಡ್ ನಿಂತಿತು. ಅಪ್ಪ ಎಳನೀರು ಕೆತ್ತಿಕೊಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಖಾಯಮ್ಮಾಗ್ಲಿಲ್ವಲ್ಲ ಸಾಹೇಬ್ರೆ. ಮಾವನ ಮನೆಯೋರಿಗೆ ಬನ್ನಿ ಅಂತ ಹೇಳಿ ಕಳ್ಸಾಗೈತೆ" ಅಂದರು ಅಪ್ಪ.

"ಆಗದೇ ಇದ್ದದ್ದು ನನ್ನಿಂದ ಯಜಮಾನ್ರೆ. ಸುಳ್ಳು ಹೇಳಿದ್ರೆ ಅವತ್ತೇ ಆಗಿರೋದು. ನಾನು ನಿಜ ಹೇಳು ಅಂದೆ, ಹೇಳಿದ್ಲು. ನನ್ನ ಮಾತಿಗೆ ಮೂರು ತಿಂಗಳು ಕಳ್ಕೊಂಡಿದಾಳೆ. ಆ ಮೂರು ತಿಂಗಳು ನೀವು ಕೊಡಿ. ಕೇಳೋಕೇ ಬಂದೆ."

ಅಪ್ಪ ಮಚ್ಚಿನ ಅಲಗನ್ನು ಹೆಬ್ಬೆರಳಿಂದ ಸವರಿ ನೋಡಿದರು. ಆಮೇಲೆ, "ಮೂರೇ ತಿಂಗ್ಳು" ಅಂದರು.

ಮೂರನೇ ತಿಂಗಳಿಗೆ ಸಹಿ ಬಿತ್ತು, ನಾನು ಖಾಯಂ ಆದೆ. ಮಾವನ ಮಗನಿಗೆ ಬೇರೆ ಕಡೆ ಹುಡುಗಿ ಸಿಕ್ಕಿ, ಇಬ್ಬರೂ ಚೆನ್ನಾಗಿದ್ದಾರೆ. ನನ್ನನ್ನು ಕಂಡರೆ ಇವತ್ತಿಗೂ "ಬಚಾವಾದೆ ಕಣೇ" ಅಂತ ಅವನೇ ರೇಗಿಸುತ್ತಾನೆ.

ಎಷ್ಟೋ ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಅದೇ ಆಸ್ಪತ್ರೆಯ ಕುಣಿಗಲ್ ಶಾಖೆಯಲ್ಲಿ ಕೂತು ತುಮಕೂರಿನ ಪೆಟ್ಟಿಗೆಯ ಸಾಲುಗಳನ್ನು ಬದಲಾಯಿಸುತ್ತಿದ್ದೆ. ಹತ್ತು ನಿಮಿಷದ ಸಾಲು ಹಾಕಿದ್ದೆ. ಎಲ್ಲ ಸರಿಯಾಗಿತ್ತು, ಇನ್ನೇನು ರದ್ದು ಮಾಡಬೇಕು, ಅಷ್ಟರಲ್ಲಿ ಫೋನ್ ಬಂತು. ಮೇಸ್ತ್ರಿಯ ಮಗಳು.

"ನಮ್ಮ ಅಬ್ಬಾ ಹೋಗ್ಬಿಟ್ರು ಅಕ್ಕ. ಬೆಳಿಗ್ಗೆ ಎದ್ದು ನೀರು ಕೇಳಿದ್ರು, ಕೊಡೋ ಅಷ್ಟರಲ್ಲಿ..."

ಫೋನ್ ಕಿವಿಯಲ್ಲೇ ಇಟ್ಟುಕೊಂಡು ಕೂತಿದ್ದೆ. ಆ ಕಡೆ ಅವಳು ಅಳುತ್ತಿದ್ದಳು, ಈ ಕಡೆ ನಾನು. ಎಷ್ಟು ಹೊತ್ತಾಯಿತೋ, ಸ್ಕ್ರೀನ್ ನಿಂತುಹೋಯಿತು. ತುಮಕೂರಿನ ಪೆಟ್ಟಿಗೆ ಹೇಳಿದ ಮಾತು ಕೇಳಿ ತನ್ನಷ್ಟಕ್ಕೆ ತಾನು ಆಫ್ ಆಗಿತ್ತು. ನನ್ನ ಕೆಲಸವೆಲ್ಲ ಅಳಿಸಿಹೋಗಿತ್ತು. ಕುಣಿಗಲ್‌ನ ಡಾಕ್ಟರು ಒಳಗೆ ಬಂದು ಕೇಳಿದರು, "ಏನಮ್ಮ, ಲೈನ್ ಹೋಯ್ತಾ?"

"ಲೈನ್ ಚೆನ್ನಾಗಿದೆ ಸಾರ್. ತಪ್ಪು ನಂದು. ಎರಡು ನಿಮಿಷ, ಬರುತ್ತೆ."

ಬಂತು, ಮೊದಲಿದ್ದ ಹಾಗೇ. ಹತ್ತು ನಿಮಿಷದ ಸಾಲಿನಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಬರೆದೆ, ಒಂದೇ ಬೆರಳಿನಲ್ಲಿ. ಇನ್ನೊಂದು ಕೈಯಲ್ಲಿ ಫೋನ್ ಹಾಗೇ ಇತ್ತು.