ಉತ್ತರ ಸಮುದ್ರದ ದಡದಲ್ಲಿ ಅಕ್ಕ ಕುಡಿದ ಚಹಾ

ಅಥವಾ ಅದು ಬಂಗುಡೆಯೇ ಅಲ್ಲದಿರಬಹುದು. ಜರ್ಮನಿಯ ಆ ಅಂಗಡಿಯಲ್ಲಿ ಹೊಗೆಯಲ್ಲಿ ಬೆಂದು ಹೊನ್ನಿನ ಬಣ್ಣಕ್ಕೆ ತಿರುಗಿದ ಮೀನುಗಳು ಸಾಲಾಗಿ ತೂಗುತ್ತಿದ್ದದ್ದು ನೆನಪಿದೆ. ಅವುಗಳ ಬೆನ್ನಿನ ಮೇಲೆ ಕಪ್ಪು ಗೆರೆಗಳಿದ್ದವು ಎಂದು ಬರೆಯಹೊರಟೆ. ಆ ಗೆರೆಗಳನ್ನು ಅಲ್ಲಿ ಕಂಡೆನೋ, ಚಿಕ್ಕಂದಿನಲ್ಲಿ ಮಲ್ಪೆಯ ಮೀನಿನ ಬುಟ್ಟಿಗಳಲ್ಲಿ ಕಂಡದ್ದನ್ನು ಈಗ ತಂದು ಅಂಟಿಸುತ್ತಿದ್ದೇನೋ, ಹೇಳಲಾರೆ.

ಮೀಡಿಯಾಸಿಟಿಯ ನಮ್ಮ ಆಫೀಸಿನಲ್ಲಿ ಬೆಂಗಳೂರಿನವಳೊಬ್ಬಳು ಕೇಳಿದ್ದರಿಂದ ಇದೆಲ್ಲ ಶುರುವಾಯಿತು. "ನೀವು ಜರ್ಮನಿಯ ನಾರ್ತ್ ಕೋಸ್ಟಿಗೆ ಹೋಗಿದ್ರಂತಲ್ಲ, ಈಸ್ಟರ್ ರಜಕ್ಕೆ ನಾವೂ ಹೊರಟಿದ್ದೀವಿ. ಎಲ್ಲಿ ತಿನ್ಬೇಕು, ಎಲ್ಲಿ ಕುಡೀಬೇಕು, ಸ್ವಲ್ಪ ಹೇಳಿ." ಸುಲಭದ ಪ್ರಶ್ನೆ. ಆದರೆ ಉತ್ತರ ಹೇಳಲು ಬಾಯಿ ತೆರೆದರೆ ಅಕ್ಕನ ವಿಷಯವೇ ಬಂತು.

ಅಕ್ಕ, ಬಾವ ಇರುವುದು ನಾನಿರುವ ಇಂಗ್ಲಿಷ್ ನಾಡಿನಲ್ಲೇ, ಕೊವೆಂಟ್ರಿಯಲ್ಲಿ. ಬಾವ ಕಾರಿನ ಕಂಪನಿಯೊಂದರಲ್ಲಿ ಇಂಜಿನಿಯರ್. ಅಕ್ಕ ಮನೆಯಲ್ಲೇ ಅಡುಗೆ ಮಾಡಿ ಯೂನಿವರ್ಸಿಟಿಯ ಹುಡುಗ ಹುಡುಗಿಯರಿಗೆ ಊಟದ ಡಬ್ಬಿ ಕೊಡುತ್ತಾಳೆ. ಮೈಸೂರಿನವರು, ಹುಬ್ಬಳ್ಳಿಯವರು, ಮಂಗಳೂರಿನವರು, ಎಲ್ಲರೂ ಬಸ್ಸಿಳಿದು ಬಂದು ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ಒಂದು ಚಳಿಗಾಲದಲ್ಲಿ ಜ್ವರ ಬಂದು ಹೋಯಿತು. ಹೋಗುವಾಗ ಅಕ್ಕನ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಎತ್ತಿಕೊಂಡು ಹೋಯಿತು. ಬರಬಹುದು, ಬಾರದೆಯೂ ಇರಬಹುದು ಎಂದರು ಜಿಪಿ ಡಾಕ್ಟರು. "ಕಾಗದ ಅಗಿದ ಹಾಗೆ ಆಗ್ತದೆ" ಎಂದಳು ಅಕ್ಕ. ಆಮೇಲೆ ಆ ಮಾತನ್ನೂ ಆಡುವುದನ್ನು ಬಿಟ್ಟಳು.

ನಮ್ಮ ಮನೆಯಲ್ಲಿ ಹಬ್ಬದ ಅಡುಗೆಯನ್ನು ನೈವೇದ್ಯ ಆಗುವ ಮೊದಲು ಯಾರೂ ನಾಲಿಗೆಗೆ ಹಚ್ಚುತ್ತಿರಲಿಲ್ಲ. ಅಕ್ಕ ಅಡುಗೆ ಕಲಿತದ್ದೇ ಹಾಗೆ. ಕುದಿಯುವ ಸಾರಿನ ಆವಿ ಮುಖಕ್ಕೆ ಬಡಿದರೆ ಸಾಕು, ಉಪ್ಪು ಕಡಿಮೆಯೋ ಹುಳಿ ಹೆಚ್ಚೋ ಅವಳಿಗೆ ತಿಳಿಯುತ್ತಿತ್ತು. ಉಳಿದ ದಿನಗಳಲ್ಲೂ ಅವಳು ರುಚಿ ನೋಡಿದ್ದನ್ನು ನಾನು ಕಂಡಿಲ್ಲ. ಈಗ ಅವಳು ಸೌಟು ಹಿಡಿದು ಡಬ್ಬಿಗೆ ಬಂದವರನ್ನೇ ಕೇಳಬೇಕಾಯಿತು.

"ಆಂಟಿ, ಸೂಪರ್!"

"ಸೂಪರ್ ಅಂತ ನಾನು ಕೇಳಿದೆನಾ? ಉಪ್ಪು ಹೇಗುಂಟು ಹೇಳು."

"ಉಪ್ಪೂ ಸೂಪರ್, ಆಂಟಿ."

"ಇವನಿಗೆ ಪಿಎಚ್‌ಡಿ ಬೇರೆ ಕೊಡ್ತಾರಂತೆ!"

ನಗುತ್ತಲೇ ಹೇಳಿದಳು. ಆದರೆ ಅದೇ ವಾರ ಬಾವನಿಗೂ ನನಗೂ ತಿಳಿಸಿದಳು: ಬೇಸಿಗೆ ಮುಗಿದ ಮೇಲೆ ಡಬ್ಬಿ ನಿಲ್ಲಿಸುತ್ತಾಳಂತೆ. ತನಗೇ ಗೊತ್ತಾಗದ್ದನ್ನು ಇನ್ನೊಬ್ಬರ ಮಕ್ಕಳ ಹೊಟ್ಟೆಗೆ ಹಾಕಲಿಕ್ಕೆ ಆಗುವುದಿಲ್ಲವಂತೆ. ಬಾವ ವಾದ ಮಾಡಲಿಲ್ಲ. ಹಲ್ ಬಂದರಿನಿಂದ ಹೊರಡುವ ಹಡಗಿಗೆ ಕಾರಿನ ಸಮೇತ ಟಿಕೆಟ್ ತೆಗೆದು, ನನ್ನನ್ನೂ ಕರೆದರು. ಸಮುದ್ರದ ಹತ್ತಿರ ಹೋದರೆ, ಖಾರವಾದ, ಹೊಗೆಯಾಡಿದ, ಹುಳಿಯೇರಿದ ಏನಾದರೊಂದು ಅವಳ ಮೂಗನ್ನು ಎಬ್ಬಿಸೀತು ಎಂದು ಅವರ ಲೆಕ್ಕ. ಹಾಗೆಂದು ಅವರು ಹೇಳಿದರೋ, ನಾನೇ ಊಹಿಸಿದೆನೋ. ಹೇಳಿದರು ಎಂದಿಟ್ಟುಕೊಳ್ಳುತ್ತೇನೆ.

ಹಾಲೆಂಡನ್ನು ದಾಟಿ ಜರ್ಮನಿಯ ಗಡಿ ಸೇರಿ, ಕುರಿಗಳು ಮೇಯುತ್ತಿದ್ದ ಹಸಿರು ಏರಿಯೊಂದನ್ನು ಹತ್ತಿ ನಿಂತೆವು. ಆಚೆ ಸಮುದ್ರ ಇರಬೇಕಿತ್ತು. ಇರಲಿಲ್ಲ. ಕಣ್ಣಿಗೆ ನಿಲುಕುವವರೆಗೂ ಬೂದು ಕೆಸರು, ಕೆಸರಿನಲ್ಲಿ ಬೆಳಕಿನ ಸಣ್ಣ ಕಾಲುವೆಗಳು, ಅದರ ಮೇಲೆ ಇಡೀ ಆಕಾಶ.

"ಸಮುದ್ರ ಎಲ್ಲಿ ಹೋಯ್ತು? ಬರೀ ಗದ್ದೆ ಉಂಟಲ್ಲ!" ಎಂದರು ಬಾವ.

"ರಜೆ ಹಾಕಿರ್ಬೇಕು ಮಾರಾಯ್ರೆ, ನಿಮ್ಮ ಹಾಗೆ" ಎಂದಳು ಅಕ್ಕ.

ನಾವು ಮೂವರೂ ಕಡಲ ಬದಿಯಲ್ಲಿ ಬೆಳೆದವರು. ಇಳಿತದಲ್ಲಿ ಸಮುದ್ರ ನಾಲ್ಕು ಹೆಜ್ಜೆ ಹಿಂದೆ ಸರಿಯುವುದು ಗೊತ್ತು. ಹೀಗೆ ಹಾಸಿಗೆ ಸುತ್ತಿಕೊಂಡು ಹೊರಟೇ ಹೋಗುವುದು ಗೊತ್ತಿರಲಿಲ್ಲ. ಏರಿಯ ಹುಲ್ಲಿನ ಮೇಲೆ ಕೂತೆವು. ಆಮೇಲೆ ದೂರದಲ್ಲಿ ಕಾಲುವೆಗಳು ಅಗಲವಾಗತೊಡಗಿದವು. ಸದ್ದಿಲ್ಲದೆ, ಒಂದೇ ಒಂದು ಅಲೆಯಿಲ್ಲದೆ, ನೀರು ನಮ್ಮ ಕಡೆಗೆ ನಡೆದು ಬಂತು. ಬಾವ ಟೋಪಿ ತೆಗೆದರು. ಗಾಳಿಗೆ ಹಾರೀತೆಂದು ತೆಗೆದಿರಬಹುದು.

ಸಹೋದ್ಯೋಗಿಗೆ ಬೇಕಾದದ್ದು ಇದಲ್ಲ. ಅವಳಿಗೆ ಹೇಳಬೇಕಾದದ್ದು ಇಷ್ಟು: ಸಣ್ಣ ಬಂದರಿನಲ್ಲಿ ದೋಣಿ ಬಂದು ನಿಲ್ಲುವ ಹೊತ್ತಿಗೆ ಹೋಗಿ. ಬೆರಳಿನ ತುದಿಯಷ್ಟಿರುವ ಸಿಗಡಿಯನ್ನು ದೋಣಿಯಲ್ಲೇ ಸಮುದ್ರದ ನೀರಿನಲ್ಲಿ ಬೇಯಿಸಿ ತರುತ್ತಾರೆ, ಕಾಗದದ ಚೀಲದಲ್ಲಿ ಅಳೆದು ಕೊಡುತ್ತಾರೆ. ದಂಡೆಯ ಮೇಲೆ ಕೂತು ಸುಲಿದು ತಿನ್ನಿ. ಅಕ್ಕನ ಕೈಗೆ ಚೀಲ ಕೊಟ್ಟದ್ದೇ ತಡ, ಬೆರಳುಗಳು ತಮ್ಮಷ್ಟಕ್ಕೇ ಹೊರಟವು. ತಲೆ ತಿರುವು, ಸಿಪ್ಪೆ ಎಳೆ, ಎಸೆ. ಬಾವನೂ ನಾನೂ ಅವಳ ವೇಗಕ್ಕೆ ತಿನ್ನಲಾರದೆ ಸೋತೆವು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದಳು. ನಾವಿಬ್ಬರೂ ನೋಡಿದೆವು.

"ಎಂತ ನೋಡ್ತೀರಿ ಇಬ್ರೂ? ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ!"

ಆಮೇಲೆ ಉಪ್ಪಿನಲ್ಲಿ ಹಣ್ಣಾದ ಹೆರಿಂಗ್ ಮೀನನ್ನು ಹಸಿ ಈರುಳ್ಳಿಯ ಜೊತೆ ಬನ್ನಿನಲ್ಲಿಟ್ಟು ಕೊಡುವ ಗಾಡಿ. ಬಾವನ ಬನ್ನನ್ನು ಕಡಲಹಕ್ಕಿ ಕೈಯಿಂದಲೇ ಎಗರಿಸಿತು. ಹಕ್ಕಿ ಎಗರಿಸಿದ್ದು ನನ್ನದನ್ನು, ತಮ್ಮದನ್ನಲ್ಲ ಎಂದು ಬಾವ ಈಗ ಹೇಳುತ್ತಾರೆ. ಆಮೇಲೆ ಹೊಗೆಮೀನಿನ ಅಂಗಡಿ, ಆ ಹೊನ್ನಿನ ಸಾಲು. ಒಳಗೆ ಕಾಲಿಟ್ಟರೆ ಸೌದೆಯ ಹೊಗೆ, ಎಣ್ಣೆ, ಉಪ್ಪು ಎಲ್ಲ ಸೇರಿದ ವಾಸನೆ ನನ್ನ ಕೋಟಿನೊಳಗೂ ಇಳಿಯಿತು. ಅಕ್ಕ ಬಾಗಿಲಲ್ಲಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ಮತ್ತೆ ಎಳೆದುಕೊಂಡಳು. ಕಣ್ಣು ತೆರೆದು, "ನೋಡ್ಲಿಕ್ಕೆ ಚಂದ ಉಂಟು" ಎಂದಳು. ಬಾವ ಹೊರಗೆ ಹೋಗಿ ಕಾರಿನ ಬಳಿ ನಿಂತರು.

ಚಹಾ ಕುಡಿದದ್ದು ಅದರ ಮರುದಿನ ಮಧ್ಯಾಹ್ನ. ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿ, ಎತ್ತರದ ಮುದುಕಿ, ಅಡುಗೆಮನೆಗೆ ಕರೆದು ಕೂರಿಸಿದಳು. ಆ ಭಾಗದವರಿಗೆ ಚಹಾ ಎಂದರೆ ಸಣ್ಣ ಸಂಗತಿಯಲ್ಲ. ತೆಳ್ಳನೆಯ ಪುಟ್ಟ ಕಪ್ಪಿಗೆ ಮೊದಲು ಒಂದು ದೊಡ್ಡ ಕಲ್ಲುಸಕ್ಕರೆ. ಅದರ ಮೇಲೆ ಕುದಿಯುವ ಕಡುಕಪ್ಪು ಚಹಾ ಹೊಯ್ದಳು. ಕಲ್ಲುಸಕ್ಕರೆ ಚಿಟಚಿಟ ಬಿರಿಯಿತು. ಯಜಮಾನಿ ಬೆರಳೆತ್ತಿ, ಕೇಳಿ ಎಂಬಂತೆ ಸನ್ನೆ ಮಾಡಿದಳು. ಅಕ್ಕ ತಲೆ ಬಾಗಿಸಿ ಕಪ್ಪಿಗೆ ಕಿವಿಗೊಟ್ಟಳು. ಆಮೇಲೆ ಯಜಮಾನಿ ಚಮಚದಿಂದ ಅಂಚಿನಗುಂಟ ಕೆನೆ ಇಳಿಬಿಟ್ಟಳು. ಕೆನೆ ಮುಳುಗಿ, ಒಂದು ಕ್ಷಣ ಕಾಣೆಯಾಗಿ, ಬಿಳಿ ಮೋಡವಾಗಿ ಮೇಲೆದ್ದು ಹರಡಿತು. ಅಷ್ಟು ಸಣ್ಣ ಕಪ್ಪಿನಲ್ಲಿ ಅಷ್ಟು ದೊಡ್ಡ ಆಕಾಶವನ್ನು ನಾನು ನೋಡಿರಲಿಲ್ಲ. ಈ ವಾಕ್ಯವನ್ನು ಹೊಡೆದುಹಾಕಬೇಕು. ಆದರೆ ಆಗ ಅನ್ನಿಸಿದ್ದು ಅದೇ.

ಅಕ್ಕ ಚಮಚ ತೆಗೆದುಕೊಂಡು ಕದಡಲು ಹೊರಟಳು. ಯಜಮಾನಿ ಮೆಲ್ಲಗೆ ಅವಳ ಮಣಿಕಟ್ಟು ಹಿಡಿದಳು.

"ತಿರುಗಿಸ್ಲಿಕ್ಕೆ ಇಲ್ಲವಂತೆ" ಎಂದಳು ಅಕ್ಕ.

"ನಮ್ಮಲ್ಲಿ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ತೇವೆ. ಇಲ್ಲಿ ಅಲುಗಿಸ್ಲಿಕ್ಕೂ ಇಲ್ವಾ!" ಎಂದರು ಬಾವ.

ಮೊದಲು ಕೆನೆ, ನಡುವೆ ಕಹಿ, ತಳದಲ್ಲಿ ಸಿಹಿ. ಹಾಗೆ ಒಂದೊಂದಾಗಿ ಬರಲಿ ಎಂದೇ ಅಲ್ಲಿ ಕದಡುವುದಿಲ್ಲ. ಕಪ್ಪು ಖಾಲಿಯಾದೊಡನೆ ಯಜಮಾನಿ ಮತ್ತೆ ಹೊಯ್ದಳು. ಸಾಕು ಎನ್ನಲು ಅಕ್ಕ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಂತೆ ಕಪ್ಪಿನ ಮೇಲೆ ಅಂಗೈ ಹಿಡಿದಳು. ಯಜಮಾನಿ ನಮ್ಮ ಮದುವೆಮನೆಯ ಬಡಿಸುವವರ ಹಾಗೆಯೇ ಆ ಕೈಯನ್ನು ಸರಿಸಿ ಹೊಯ್ದಳು. ಬಡಿಸಿದ್ದನ್ನು ಬಿಡಬಾರದೆಂದು ಅಕ್ಕ ಕುಡಿದಳು. ಅಲ್ಲಿನ ಕ್ರಮ ಬೇರೆ. ಸಾಕಾದರೆ ಚಮಚವನ್ನು ಕಪ್ಪಿನೊಳಗೆ ನಿಲ್ಲಿಸಬೇಕು. ಅಲ್ಲಿಯವರೆಗೂ ಹೊಯ್ಯುತ್ತಲೇ ಇರುತ್ತಾರೆ. ಯಜಮಾನಿ ತನ್ನ ಕಪ್ಪಿನಲ್ಲಿ ಚಮಚ ಇಟ್ಟು ತೋರಿಸಿದಳು.

ನನ್ನ ನೆನಪಿನಲ್ಲಿ ಮುಂದಿನದು ಹೀಗಿದೆ: ಅಕ್ಕ ಆ ಚಮಚವನ್ನು ನೋಡಿದಳು. ತನ್ನ ಚಮಚವನ್ನು ತಟ್ಟೆಯ ಮೇಲೆಯೇ ಬಿಟ್ಟಳು. ಖಾಲಿ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿದಳು. ಜ್ವರ ಬಂದಂದಿನಿಂದ ಅವಳು ಯಾವುದನ್ನೂ ಇನ್ನೊಮ್ಮೆ ಬೇಕೆಂದು ಕೇಳಿರಲಿಲ್ಲ. ಯಜಮಾನಿ ಹೊಯ್ದಳು. ಅಕ್ಕ ಕುಡಿದು ಮುಗಿಸಿ, ಯಾರಿಗೂ ಅಲ್ಲವೆಂಬಂತೆ, "ಅಡಿಯಲ್ಲಿ ಸಿಹಿ ಉಂಟು" ಎಂದಳು.

ಬಾವನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. "ನಿಜವಾ ಅಕ್ಕ?" ಎಂದೆ.

"ಎಂತ ನಿಜವಾ? ಕಲ್ಲುಸಕ್ಕರೆ ಹಾಕಿದ್ದನ್ನು ನೀನೂ ನೋಡಿದ್ದಿಯಲ್ಲ ಮಾರಾಯ್ತಿ."

ಬಾವ ಹೇಳುವುದು ಬೇರೆ. ಚಮಚದ ಕ್ರಮವನ್ನು ಯಜಮಾನಿ ತೋರಿಸಿದ್ದು ಕೊನೆಯ ಕಪ್ಪು ಮುಗಿದ ಮೇಲೆ, ಎಲ್ಲರೂ ನಗುತ್ತಾ ಎದ್ದಾಗ. ಅಂದರೆ ಅಕ್ಕ ಚಾಚಿದ್ದು ಬೇಕೆಂದಲ್ಲ, ಬೇಡವೆನ್ನುವ ದಾರಿ ತಿಳಿಯದೆ. ಬಾವ ಸುಳ್ಳು ಹೇಳುವವರಲ್ಲ. ಆಸೆ ಇಟ್ಟುಕೊಳ್ಳಲು ಹೆದರುವವರು. ನಾನು ಆಸೆಯಿಂದ ನೆನಪಿನ ಹಿಂದುಮುಂದನ್ನು ಬದಲಿಸಿಕೊಳ್ಳುವವಳು. ಇಬ್ಬರ ಸಾಕ್ಷಿಯೂ ನಡೆಯುವಂಥದ್ದಲ್ಲ.

ಬೇಸಿಗೆ ಮುಗಿಯಿತು. ಅಕ್ಕ ಡಬ್ಬಿ ನಿಲ್ಲಿಸಲಿಲ್ಲ. ಹೊಸ ಶೈಕ್ಷಣಿಕ ವರ್ಷದ ವಿದ್ಯಾರ್ಥಿಗಳೂ ಬಂದು ಸೇರಿದರು. ಹೋದ ಶನಿವಾರ ನಾನು ಕೊವೆಂಟ್ರಿಗೆ ಹೋದಾಗ ಸಾರು ಕುದಿಯುತ್ತಿತ್ತು. ಅಕ್ಕ ಆವಿಗೆ ಮುಖ ಒಡ್ಡಿ ನಿಂತಿದ್ದಳು, ಆಮೇಲೆ ಒಂದು ಚಿಟಿಕೆ ಉಪ್ಪು ಹಾಕಿದಳು. ಊಟಕ್ಕೆ ಕೂತಾಗ ಉಪ್ಪು ಸರಿಯಾಗಿತ್ತು. ಅದು ಮೂಗಿನಿಂದ ತಿಳಿದದ್ದೋ, ಇಷ್ಟು ವರ್ಷದ ಕೈ ಅಳತೆಯೋ ಎಂದು ಕೇಳಿದೆ.

"ಸರಿ ಉಂಟಲ್ಲ? ಉಣ್ಣು" ಎಂದಳು.

ಆ ಮಧ್ಯಾಹ್ನ ಅವಳ ನಾಲಿಗೆಗೆ ನಿಜವಾಗಿ ಸಿಹಿ ತಾಗಿತೋ, ನಮಗಾಗಿ ಹಾಗೆಂದಳೋ, ಇಂದಿಗೂ ನನಗೆ ಗೊತ್ತಿಲ್ಲ.