ಕೆನ್ನೆಗೆ ಬಣ್ಣ ಮರಳಿಸುವ ಒಡೆಸ್ಸಾ

ಅಮೆರಿಕದ ಟೊಲೀಡೊದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಡಿಜಿಟಲ್ ಮುದ್ರಣದಂಗಡಿಯ ಹಿಂದಿನ ಕೋಣೆಯಲ್ಲಿ ಒಡೆಸ್ಸಾ ವಿಟ್ಲೋ ಒಂದು ಹಾಳೆಯನ್ನು ಬಿಳಿ ದೀಪದ ಕೆಳಗೆ ಹಿಡಿದು ನಿಂತಿದ್ದಾರೆ. ಎದುರಿಗೆ ಕರಿ ಸೂಟು ತೊಟ್ಟ ತರುಣ ರೆನಾರ್ಡ್. ಇವತ್ತು ಅವನ ತಾಯಿ ಅರ್ನೆಸ್ಟೀನ್ ಅವರ ಅಂತ್ಯಸಂಸ್ಕಾರ. ಚರ್ಚಿನಲ್ಲಿ ಹಂಚಬೇಕಾದ ಪುಸ್ತಿಕೆಯ, ತಾಯಿಯ ಫೋಟೋ ಇರುವ ಮುಖಪುಟ ಆ ಹಾಳೆ. ಒಡೆಸ್ಸಾ ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೇನೆ.

"ಮಿಸ್ ಒಡೆಸ್ಸಾ, ಇದು ನಮ್ಮಮ್ಮ ಅಲ್ಲ," ಎನ್ನುತ್ತಾನೆ ಅವನು. "ಫೋನಲ್ಲಿ ನೋಡಿ, ಹೆಂಗೆ ಹೊಳೀತಿದ್ದಾಳೆ! ಇಲ್ಲಿ ಬೂದಿ ಬಳಿದಂಗಿದೆ."

"ಗೊತ್ತು ಕಂದಾ. ಕೂತ್ಕೋ. ಇವಳನ್ನ ಹಿಂಗೆ ಕಳಿಸಲ್ಲ ನಾನು."

ಫೋನಿನ ಪರದೆಯಲ್ಲಿ ಚಿತ್ರ ಮೂಡುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಕಾಗದಕ್ಕೆ ತನ್ನದೇ ಬೆಳಕಿಲ್ಲ. ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು ಬಣ್ಣದ ಸಣ್ಣ ಚುಕ್ಕಿಗಳೇ ಎಲ್ಲವನ್ನೂ ತೋರಿಸಬೇಕು. ಎಲ್ಲಿ ಯಾವ ಬಣ್ಣ ಎಷ್ಟು ಎಂದು ತೀರ್ಮಾನಿಸುವುದು ನಡುವಿನ ತಂತ್ರಾಂಶ. ಈ ಅಂಗಡಿಯದು ಗಾಢ ಬಣ್ಣ ಕಂಡಲ್ಲೆಲ್ಲ ಉಳಿದ ಮೂರನ್ನು ತಗ್ಗಿಸಿ ಕಪ್ಪನ್ನು ತುಂಬಿಬಿಡುತ್ತದೆ. ಕಾರಿನ ಟೈರಿಗೆ ಅದು ಸರಿ. ಒಡೆಸ್ಸಾರಂತೆಯೇ ಕಪ್ಪು ಜನಾಂಗದವರಾದ ಅರ್ನೆಸ್ಟೀನ್ ಅವರ ಕೆನ್ನೆಗೆ ಸರಿಯಲ್ಲ.

ಒಡೆಸ್ಸಾ ಈ ಕೆಲಸ ಕಲಿತದ್ದು ಸಿಟ್ಟಿನಿಂದ. ಮೊದಲು ಅವರು ಇಲ್ಲಿ ಪುಸ್ತಿಕೆ ಮಡಚಿ ಪಿನ್ನು ಹೊಡೆಯುತ್ತಿದ್ದರು. ತಂದೆ ತೀರಿಕೊಂಡಾಗ ಅವರ ಮುಖವೂ ಹೀಗೇ ಅಚ್ಚಾಗಿ ಬಂತು.

"'ನಿಮ್ಮೋರ ಫೋಟೋ ಬರೋದೇ ಹಿಂಗೆ' ಅಂದ್ಬಿಟ್ಟ ಆಗಿನ ಮೇಸ್ತ್ರಿ. ಅಳ್ತಾ ಅಳ್ತಾ ಅಪ್ಪನ ಆ ಮುಖದ ಪುಸ್ತಿಕೆಗೇ ಪಿನ್ನು ಹೊಡೆದೆ. ಮಾರನೇ ವಾರದಿಂದ, ಅವನು ಊಟಕ್ಕೆ ಎದ್ದಾಗೆಲ್ಲ ಅವನ ಕಂಪ್ಯೂಟರ್ ಮುಂದೆ ಕೂರೋಕೆ ಶುರು ಮಾಡಿದೆ. ನಾನು ಎಷ್ಟು ಹಾಳೆ ಹಾಳು ಮಾಡಿದ್ನೋ!"

ಈಗ ಅವರು ಚಿತ್ರದಲ್ಲಿ ಮುಖವನ್ನಷ್ಟೇ ಆರಿಸಿಕೊಂಡು ಕಪ್ಪನ್ನು ಇಳಿಸುತ್ತಾರೆ. ಗುಲಾಬಿ, ಹಳದಿ ಏರಿಸುತ್ತಾರೆ. ಯಂತ್ರ ಇನ್ನೊಂದು ಹಾಳೆ ಉಗುಳುತ್ತದೆ.

"ಸಾಕು ಬಿಡಿ, ಹೊತ್ತಾಯ್ತು," ಎನ್ನುತ್ತಾನೆ ರೆನಾರ್ಡ್.

"ಏನ್ ಸಾಕು? ಜ್ವರ ಬಂದೋಳ ಥರ ಕೆಂಪಾಗವ್ಳೆ. ನಿಮ್ಮಮ್ಮ ಯಾವ ಬಣ್ಣ? ನೀನೇ ಹೇಳು."

ಅವನು ಯೋಚಿಸುತ್ತಾನೆ. "ಅವಳೇ ಓವನ್ನಲ್ಲಿ ಬೇಯಿಸ್ತಿದ್ದ ಸಿಹಿ ಪೀಕನ್ ಪೈ ಥರ. ಸೀಯೋಕೆ ಸ್ವಲ್ಪ ಮುಂಚೆ."

"ಕೇಳಿಸ್ಕೊಂಡಿದ್ರೆ ಕಪಾಳಕ್ಕೆ ಬಿಡ್ತಿದ್ಲು!"

ಇಬ್ಬರೂ ನಗುತ್ತಾರೆ. ಒಡೆಸ್ಸಾ ಗುಲಾಬಿಯನ್ನು ತುಸು ಇಳಿಸಿ, ತಿಳಿನೀಲಿಯನ್ನು ಕೂದಲೆಳೆಯಷ್ಟು ಸೇರಿಸುತ್ತಾರೆ. ಮುಂದಿನ ಹಾಳೆ ಹೊರಬಂದಾಗ ರೆನಾರ್ಡ್ ಅದರತ್ತ ಬಾಗುತ್ತಾನೆ. ಬೆರಳು ಚಾಚಿ, ಅರ್ಧಕ್ಕೇ ನಿಲ್ಲಿಸುತ್ತಾನೆ.

"ಮುಟ್ಟಪ್ಪ, ಬಣ್ಣ ಅಂಟಲ್ಲ," ಎನ್ನುತ್ತಾರೆ ಒಡೆಸ್ಸಾ.

ಅವನು ತಾಯಿಯ ಕೆನ್ನೆ ಸವರುತ್ತಾನೆ. ಒಡೆಸ್ಸಾ ಆ ಕಡೆ ತಿರುಗಿ ಯಂತ್ರ ಚಾಲೂ ಮಾಡುತ್ತಾರೆ.

ಅವನು ಪುಸ್ತಿಕೆಗಳ ಪೆಟ್ಟಿಗೆ ಹೊತ್ತು ಹೋದ ಮೇಲೆ, ನಿಮಗೇನು ಆಸೆ ಎಂದು ಕೇಳುತ್ತೇನೆ. ಒಡೆಸ್ಸಾ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಮೊದಲನೇ ಹಾಳೇಲೇ ಈ ಯಂತ್ರಕ್ಕೆ ನಮ್ಮೋರ ಗುರುತು ಸಿಗ್ಬೇಕು. ಅವತ್ತು ನನ್ನ ಕೆಲಸ ಹೋದ್ರೂ ಸರಿ, ನಕ್ಕೊಂಡು ಮನೆಗೆ ಹೋಗ್ತೀನಿ."