ಕೆಟ್ಟ ಬೋರ್ಡಿಗೆ ಕುಂಕುಮ

ದಸರೆಯ ಖಂಡೆ ಪೂಜೆಯಲ್ಲಿ ಎಲ್ಲರೂ ಯಂತ್ರಗಳಿಗೆ ಕುಂಕುಮ ಹಚ್ಚಿದರೆ, ರೇವಣಪ್ಪ ಸರ್ ಮಾತ್ರ ಗೋಡೆಗೆ ತೂಗುಹಾಕಿದ್ದ ಕೆಟ್ಟ ಸರ್ಕ್ಯೂಟ್ ಬೋರ್ಡಿಗೆ ಹಚ್ಚುತ್ತಿದ್ದರು. "ಏ ತಂಗಿ, ನಕ್ಕೋತ ನಿಲ್ಲಬ್ಯಾಡ, ಕೈ ಮುಗಿ. ಚೊಲೋ ಬೋರ್ಡ್ ಏನೂ ಕಲಿಸಂಗಿಲ್ಲ. ಇದಽ ನಮ್ಮ ಗುರು." ನಾನೂ ಮುಗಿಯುತ್ತಿದ್ದೆ.

ಹುಮನಾಬಾದಿನ ನಮ್ಮ ಸಣ್ಣ ಕಾರ್ಖಾನೆಯಲ್ಲಿ ತೊಗರಿಬೇಳೆಯಿಂದ ಕಲ್ಲು ಆರಿಸುವ ಯಂತ್ರಕ್ಕೆ ಕ್ಯಾಮೆರಾ ಬೋರ್ಡ್ ಮಾಡುತ್ತೇವೆ. ಆಗ ವಿನ್ಯಾಸ ಮಾಡುತ್ತಿದ್ದವರು ಸರ್ ಮತ್ತು ನಾನು, ಇಬ್ಬರೇ. ಅವರು ಬಸವಕಲ್ಯಾಣದ ಬಸ್ಸಿಗೆ, ನಾನು ದುಬಲಗುಂಡಿಯ ಬಸ್ಸಿಗೆ ಬರುತ್ತಿದ್ದೆವು. ಬಂದವರೇ ನನ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುವರು. "ನಿಮ್ಮವ್ವನ ಕೈ ಬಂಗಾರ ಅದ ನೋಡು!" ನಮ್ಮ ಕೇರಿಯ ರೊಟ್ಟಿಗೆ ಹಾಗೆ ಕೈ ಚಾಚಿದ ಮೇಲಧಿಕಾರಿಯನ್ನು ನಾನು ಬೇರೆ ಕಂಡಿಲ್ಲ. ಅದಕ್ಕೇ ಅವರೆಂದರೆ ನನಗೆ ಜೀವ.

ಹೋದ ವರ್ಷ ನನ್ನ ಮೊದಲ ಸ್ವಂತ ಬೋರ್ಡ್ ಹೊರಡುವುದಿತ್ತು. ತಾಮ್ರದ ಗೆರೆಗಳಲ್ಲಿ ಓಡುವ ಸಿಗ್ನಲ್ ಎಲ್ಲಿ ಕೆಡುತ್ತದೆಂದು ಬೋರ್ಡ್ ತಯಾರಾಗುವ ಮೊದಲೇ ತೋರಿಸುವ ಸಾಫ್ಟ್‌ವೇರ್ ಬೇಕಾಯಿತು. ಆರಿಸುವ ರೀತಿಯನ್ನೂ ಸರ್ ಅವರೇ ಕಲಿಸಿದರು.

"ಮಾರಾಕ ಬಂದವ್ರು ತಂದ ನಮೂನಾ ನೋಡಬ್ಯಾಡ. ನಮ್ಮ ಕೆಟ್ಟ ಬೋರ್ಡ್ ಕೊಡು. ತಪ್ಪು ಎಲ್ಲಿ ಅದ ಅಂತ ಬಾಯಿ ಬಿಡಬ್ಯಾಡ. ಹುಡುಕಿದವ್ರದು ತಗೊಳ್ಳೂಣು."

ಎರಡು ಕಂಪನಿಯವರು ಬಂದರು. ಮೊದಲನೆಯವನು ಬೋರ್ಡಿನ ಪದರಗಳ ದಪ್ಪ ಕೇಳಿದ, ತಲೆ ಕೆರೆದುಕೊಂಡ, ಸಂಜೆಯಾದರೂ ಖಚಿತವಾಗಿ ಏನೂ ಹೇಳಲಿಲ್ಲ. ಎರಡನೆಯವನು ಏನನ್ನೂ ಕೇಳದೆ ಕನೆಕ್ಟರ್ ಕೆಳಗಿನ ಗೆರೆಯನ್ನೇ ಹಿಡಿದ. ತಪ್ಪು ಅಲ್ಲೇ ಇತ್ತು.

"ಸರ್, ಇವ್ರು ದಪ್ಪಾನೂ ಕೇಳಲಿಲ್ಲಲ್ರಿ? ಅದಿಲ್ದ ಲೆಕ್ಕ ಹ್ಯಾಂಗ್ರಿ?"

"ನನ್ನ ಮ್ಯಾಲ ಭರೋಸಾ ಇಲ್ಲೇನು, ತಂಗಿ? ನಿನ್ನ ಬೋರ್ಡ್ ಅದ, ಖರೀದಿ ಕಾಗದಕ್ಕ ನೀನಽ ಸಹಿ ಮಾಡು."

ಮಾಡಿದೆ. ಸ್ವಲ್ಪ ದಿನಕ್ಕೇ ಬೇರೆ ಕೆಲಸ ಸಿಕ್ಕಿತೆಂದು ಸರ್ ಬಿಟ್ಟುಹೋದರು. ಎಲ್ಲಿಗೆ ಅಂತ ಹೇಳಲಿಲ್ಲ.

ನನ್ನ ಬೋರ್ಡಿನಲ್ಲಿ ತಪ್ಪೇ ಇಲ್ಲವೆಂದು ಆ ಸಾಫ್ಟ್‌ವೇರ್ ತೋರಿಸಿತು. ಮಿಲ್ಲಿನಲ್ಲಿ ಹಚ್ಚಿದರೆ ಯಂತ್ರ ಒಳ್ಳೆಯ ಬೇಳೆಯನ್ನು ಹೊರಗೆ ಊದಿ ಕಲ್ಲನ್ನು ಒಳಗೆ ಬಿಟ್ಟಿತು. "ಸಾಫ್ಟ್‌ವೇರ್ ಆರಿಸಿದಾಕಿ ನೀನಽ ಅಲ್ಲೇನು?" ಎಂದು ಮಾಲಕರು ಎಲ್ಲರೆದುರು ಕೇಳಿದರು. ಕಾಗದದ ಮೇಲೆ ಸಹಿ ನನ್ನದೇ ಇತ್ತು. ಮುಂದಿನ ಬೋರ್ಡ್ ನನಗೆ ಕೊಡಲಿಲ್ಲ.

ಆ ಕಂಪನಿಗೆ ಫೋನ್ ಮಾಡಿದರೆ, ಅಂದು ಗೆರೆ ಹಿಡಿದು ತೋರಿಸಿದ್ದ ಎಂಜಿನಿಯರೇ ಎತ್ತಿಕೊಂಡ. "ತಪ್ಪು ಎಲ್ಲಿದೆ ಅಂತ ಗುರುತು ಮಾಡಿ ಕಳಿಸಿ ಮೇಡಂ. ಹೋದ ಸಲ ರೇವಣಪ್ಪ ಸರ್ ಮೊದಲೇ ಕಳಿಸಿದ್ರಲ್ಲ, ಹಾಗೆ. ಸರ್ ಈಗ ನಮ್ಮಲ್ಲೇ ಇದ್ದಾರೆ, ಫೋನ್ ಕೊಡ್ಲಾ?"

ಇಷ್ಟು ನಂಬಿಸಿ ಕುತ್ತಿಗೆ ಕೊಯ್ದರಲ್ಲ! ಬೇಡ ಎನ್ನುವಷ್ಟರಲ್ಲಿ ಅದೇ ದನಿ ಕೇಳಿಸಿತು.

"ತಂಗಿ, ಹ್ಯಾಂಗಿದ್ದಿ? ಅವ್ವ ಆರಾಮ ಅದಾಳೇನು?"

"ಆರಾಮ ಅದಾಳ್ರಿ," ಎಂದೆ. "ಗ್ವಾಡಿ ಮ್ಯಾಲ ನಿಮ್ಮ ಗುರುವಿನ ಬಾಜೂಕ ನನ್ನ ಬೋರ್ಡೂ ತೂಗಹಾಕೀನ್ರಿ, ಸರ್. ಬರೂ ದಸರಾಕ್ಕ ಕುಂಕುಮ ಹಚ್ಚಾಕ ಬರ್ರಿ."

ನಾನೇ ಫೋನ್ ಇಟ್ಟೆ.